ಕ್ಯೂಜಿಐಎಸ್ ನಕ್ಷೆಯಲ್ಲಿ ಬ್ಯಾಂಕ್, ಬಂಕ್, ಅಂಗಡಿಗಳ ಲೋಗೊ ಕೂರಿಸುವುದು: ಬಳಸಿ ನೋಡಿದ ಮೇಲೆ

ನಕ್ಷೆಯಲ್ಲಿ ಎಲ್ಲಾ ಅಂಗಡಿಗೂ ಒಂದೇ ಕೆಂಪು ಚುಕ್ಕೆ ಇಟ್ಟರೆ ನೋಡುವವರಿಗೆ ಕಷ್ಟ. ಬ್ಯಾಂಕ್ ಯಾವುದು, ಪೆಟ್ರೋಲ್ ಬಂಕ್ ಯಾವುದು, ನಂದಿನಿ ಬೂತ್ ಎಲ್ಲಿದೆ ಅಂತ ತಿಳಿಯಲು ಪ್ರತಿ ಚುಕ್ಕೆಯ ಪಕ್ಕದ ಹೆಸರು ಓದುತ್ತಾ ಕೂರಬೇಕು. ಚುಕ್ಕೆಯ ಜಾಗದಲ್ಲಿ ಲೋಗೊನೇ ಇದ್ದರೆ ಓದುವ ಕೆಲಸವೇ ಇಲ್ಲ. ಕಿತ್ತಳೆ ಬಣ್ಣದ ದುಂಡಗಿನ ಗುರುತು, ಅದರ ನಡುವೆ ನೀಲಿ ಪಟ್ಟಿ ಕಂಡರೆ ಇಂಡಿಯನ್ ಆಯಿಲ್ ಬಂಕ್ ಅಂತ ಯಾರಾದರೂ ಹೇಳುತ್ತಾರೆ, ಅಲ್ವಾ?

ಮಂಗಳೂರು ಪೇಟೆಯ ಬ್ಯಾಂಕ್ ಶಾಖೆಗಳ ನಕ್ಷೆಯೊಂದನ್ನು ಸ್ಮರಣ ಸಂಚಿಕೆಗೆ ಮಾಡಿಕೊಡಬೇಕಿತ್ತು. ಅದಕ್ಕೆ ಕ್ಯೂಜಿಐಎಸ್ ಹಿಡಿದುಕೊಂಡೆ. 2002ರಲ್ಲಿ ಗ್ಯಾರಿ ಶೆರ್ಮನ್ ಶುರು ಮಾಡಿದ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಾಂಶ ಇದು. ಇವತ್ತಿಗೂ ಪೂರ್ತಿ ಉಚಿತ, ಮುಕ್ತ. ನಾನು ಬಳಸಿದ್ದು 3.40, ದೀರ್ಘಕಾಲದ ಬೆಂಬಲಕ್ಕೆಂದು ಬಿಟ್ಟ ಆವೃತ್ತಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನೂರಾರು ಜಾಗಗಳಿಗೆ ಲೋಗೊ ಹಾಕಿ ಪ್ರಿಂಟಿಗೆ ಕೊಡಬೇಕು ಅನ್ನುವವರಿಗೆ ದುಡ್ಡು ಕೊಡದೆ ಸಿಗುವುದರಲ್ಲಿ ಇದನ್ನು ಮೀರಿಸುವಂಥದ್ದು ನಾನು ನೋಡಿಲ್ಲ. ಆದರೆ ಎರಡು ಕಡೆ ಇದು ತಲೆ ತಿನ್ನುತ್ತದೆ. ಒಂದು, ಎಸ್‌ವಿಜಿ ಫೈಲುಗಳ (ಗೆರೆ, ಆಕಾರಗಳಿಂದ ಬರೆದ ಚಿತ್ರಗಳ) ಜತೆ ಮಾಡುವ ರಂಪ. ಇನ್ನೊಂದು, ಲೆಜೆಂಡ್, ಅಂದರೆ ಯಾವ ಗುರುತು ಏನು ಅಂತ ಹೇಳುವ ಸೂಚಿ.

ಕ್ಯೂಜಿಐಎಸ್‌ನ ಒಳ್ಳೆಯ ಗುಣ ಏನೆಂದರೆ ಲೋಗೊವನ್ನು ನಾವು ಒಂದೊಂದಾಗಿ ಅಂಟಿಸುವುದಿಲ್ಲ. ಪಟ್ಟಿಯಲ್ಲಿ ಬ್ಯಾಂಕಿನ ಹೆಸರಿನ ಒಂದು ಕಾಲಂ ಇರುತ್ತದೆ. ಲೋಗೊಗಳೆಲ್ಲಾ ಒಂದು ಫೋಲ್ಡರಿನಲ್ಲಿ ಇರುತ್ತವೆ, ಫೈಲಿನ ಹೆಸರು ಕಾಲಂನಲ್ಲಿ ಇರುವ ಹಾಗೆಯೇ ಇರಬೇಕು, ಅಷ್ಟೇ. ಪಾಯಿಂಟ್ ಲೇಯರಿನ (ಚುಕ್ಕೆಗಳಿರುವ ಪದರದ) ಸಿಂಬಾಲಜಿಗೆ, ಅಂದರೆ ಗುರುತು ಹೇಗಿರಬೇಕು ಅಂತ ಹೇಳುವ ಪುಟಕ್ಕೆ ಹೋಗಿ, ಸಿಂಪಲ್ ಮಾರ್ಕರ್ ಇರುವ ಕಡೆ ಎಸ್‌ವಿಜಿ ಮಾರ್ಕರ್ ಅಥವಾ ರಾಸ್ಟರ್ ಇಮೇಜ್ ಮಾರ್ಕರ್ ಆರಿಸಿ. ಫೈಲ್ ಕೇಳುವ ಡಬ್ಬಿಯ ಬಲಕ್ಕೆ ಒಂದು ಪುಟ್ಟ ಗುಂಡಿ ಇದೆ, ಡೇಟಾ ಡಿಫೈನ್ಡ್ ಓವರ್‌ರೈಡ್ ಅಂತ ಅದರ ಹೆಸರು. ಅಲ್ಲಿ ಪ್ರಾಜೆಕ್ಟ್ ಫೋಲ್ಡರಿನ ದಾರಿ, ಅದಕ್ಕೆ ಲೋಗೊ ಫೋಲ್ಡರಿನ ಹೆಸರು, ಅದಕ್ಕೆ ಬ್ಯಾಂಕಿನ ಕಾಲಂ, ಕೊನೆಗೆ ಫೈಲಿನ ಬಾಲ (.svg ಥರದ್ದು) ಇಷ್ಟನ್ನೂ ಜೋಡಿಸಿ ಒಂದು ಸಾಲು ಬರೆದರೆ ಗುಂಡಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಮರುಕ್ಷಣ ನಕ್ಷೆಯ ತುಂಬಾ ಲೋಗೊ. ಯಾವುದಾದರೂ ಎಸ್‌ವಿಜಿ ಸಿಗದಿದ್ದರೆ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬರುತ್ತದೆ. ಇದು ನನಗೆ ತುಂಬಾ ಹಿಡಿಸಿತು, ಯಾಕೆಂದರೆ ಪಟ್ಟಿಯಲ್ಲಿ ಎಲ್ಲಿ ಕಾಗುಣಿತ ತಪ್ಪಿದೆ ಅಂತ ನಕ್ಷೆಯೇ ಎತ್ತಿ ತೋರಿಸುತ್ತದೆ.

ಕಾಗುಣಿತ ತಪ್ಪುವುದಂತೂ ಖಂಡಿತ. ಶಾಖೆಗಳ ಪಟ್ಟಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಮುಕ್ತ ನಕ್ಷೆಯಿಂದ ಇಳಿಸಿಕೊಳ್ಳಬಹುದು. ಕ್ಯೂಜಿಐಎಸ್‌ಗೆ ಕ್ವಿಕ್‌ಒಎಸ್‌ಎಂ ಅನ್ನುವ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆ, ಊರಿನ ಹೆಸರು ಕೊಟ್ಟು ಬ್ಯಾಂಕ್ ಅಂತ ಕೇಳಿದರೆ ಎಲ್ಲಾ ತಂದು ಸುರಿಯುತ್ತದೆ. ಆದರೆ ಅಲ್ಲಿ ಹೆಸರು ತುಂಬಿದವರು ಸಾವಿರಾರು ಜನ ಸ್ವಯಂಸೇವಕರು. ಒಬ್ಬರು ಎಸ್‌ಬಿಐ ಅಂತ ಬರೆದಿರುತ್ತಾರೆ, ಇನ್ನೊಬ್ಬರು ಪೂರ್ತಿ ಹೆಸರು, ಮತ್ತೊಬ್ಬರು ಶಾಖೆಯ ಹೆಸರನ್ನೂ ಸೇರಿಸಿ ಬರೆದಿರುತ್ತಾರೆ. ಬ್ರ್ಯಾಂಡ್ ಅಂತ ಬೇರೆಯೇ ಟ್ಯಾಗ್ ಇದೆ, ಅದು ತುಂಬಿದ್ದರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಇನ್ನೊಂದು ಚಿಕ್ಕ ಪಟ್ಟಿ ಮಾಡಿಕೊಳ್ಳಿ. ಎಡಗಡೆ ಅವರು ಬರೆದ ಹೆಸರು, ಬಲಗಡೆ ಲೋಗೊ ಫೈಲಿನ ಹೆಸರು. ಅದನ್ನು ದೊಡ್ಡ ಪಟ್ಟಿಗೆ ಜಾಯಿನ್ ಮಾಡಿ, ಅಂದರೆ ಹೆಸರು ಹೊಂದುವ ಸಾಲುಗಳನ್ನು ಜೋಡಿಸಿ. ಈ ಚಿಕ್ಕ ಪಟ್ಟಿ ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈಗ ಎಸ್‌ವಿಜಿ ರಂಪ. ಲೋಗೊ ಯಾವ ಅಳತೆಗೆ ಹಿಗ್ಗಿಸಿದರೂ ಒಡೆಯಬಾರದು ಅಂದರೆ ಎಸ್‌ವಿಜಿ ಬೇಕು. ಸರಿ, ಇಳಿಸಿಕೊಂಡು ಹಾಕುತ್ತೀರಿ, ಬ್ರೌಸರಿನಲ್ಲಿ ಚೆನ್ನಾಗಿ ಕಂಡ ಲೋಗೊ ಕ್ಯೂಜಿಐಎಸ್‌ನಲ್ಲಿ ಅರ್ಧಂಬರ್ಧ ಬರುತ್ತದೆ, ಇಲ್ಲವೇ ಬಣ್ಣ ಎಲ್ಲಾ ಹೋಗಿ ಕಪ್ಪು ಮುದ್ದೆಯಾಗಿ ಕೂರುತ್ತದೆ. ಕಾರಣ ಇದೆ. ಕ್ಯೂಜಿಐಎಸ್ ನಿಂತಿರುವುದು ಕ್ಯೂಟಿ ಅನ್ನುವ ಚೌಕಟ್ಟಿನ ಮೇಲೆ. ಈ ಆವೃತ್ತಿಯ ಕ್ಯೂಟಿಗೆ ಗೊತ್ತಿರುವುದು ಎಸ್‌ವಿಜಿ ಟೈನಿ ಅನ್ನುವ ಚಿಕ್ಕ ರೂಪ ಮಾತ್ರ. ಮಾಸ್ಕ್ (ಚಿತ್ರದ ಒಂದು ಭಾಗ ಮರೆಮಾಡುವುದು), ಫಿಲ್ಟರ್ (ಮಸುಕು, ನೆರಳಿನಂಥ ಪರಿಣಾಮ) ಇಂಥವೆಲ್ಲಾ ಅದರ ಲೆಕ್ಕಕ್ಕಿಲ್ಲ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ತೆರೆದು, ಅಕ್ಷರಗಳನ್ನು ಪಾತ್ (ಬರೀ ಆಕಾರ) ಆಗಿ ಬದಲಿಸಿ, ಮಾಸ್ಕ್ ಬಿಚ್ಚಿ, ಪ್ಲೇನ್ ಎಸ್‌ವಿಜಿ ಅಂತ ಉಳಿಸಿದರೆ ಮುಕ್ಕಾಲು ಪಾಲು ಲೋಗೊ ಸರಿಹೋಗುತ್ತವೆ. ಉಳಿದವಕ್ಕೆ ಪಿಎನ್‌ಜಿ, ಅಂದರೆ ಪಿಕ್ಸೆಲ್‌ಗಳಿಂದಾದ ಮಾಮೂಲಿ ಚಿತ್ರ, ಹಾಕಿ ಕೈ ತೊಳೆದುಕೊಳ್ಳಿ. ಮೊದಲು ಆ ದಾರಿಯೂ ನೆಟ್ಟಗಿರಲಿಲ್ಲ. ಪಿಎನ್‌ಜಿಯನ್ನು ನೇರವಾಗಿ ಗುರುತಾಗಿ ಹಾಕಲು ಬಿಟ್ಟಿದ್ದು 2019ರ 3.6 ಆವೃತ್ತಿಯಿಂದ. ಅದಕ್ಕೂ ಮೊದಲು ಪಿಎನ್‌ಜಿಯನ್ನು ಎಸ್‌ವಿಜಿಯ ಹೊಟ್ಟೆಯೊಳಗೆ ತುರುಕಿ ಒಪ್ಪಿಸುತ್ತಿದ್ದರು.

ಎಸ್‌ವಿಜಿ ಹಾಕಿದಾಗ ಫಿಲ್ ಬಣ್ಣದ ಗುಂಡಿ ಮಂಕಾಗಿ, ಒತ್ತಿದರೂ ಅಲ್ಲಾಡದೆ ಇದ್ದರೆ ಗಾಬರಿ ಬೇಡ. ಫೈಲಿನೊಳಗೆ ಕ್ಯೂಜಿಐಎಸ್‌ಗೆ ಅರ್ಥವಾಗುವ ಬಣ್ಣದ ಸೂಚನೆ ಇದ್ದರೆ ಮಾತ್ರ ಆ ಗುಂಡಿ ಕೆಲಸ ಮಾಡುತ್ತದೆ. ಲೋಗೊ ವಿಷಯದಲ್ಲಿ ಮಂಕಾಗಿ ಇರುವುದೇ ಒಳ್ಳೆಯದು. ಎಸ್‌ಬಿಐ ನೀಲಿಯನ್ನು ಹಸಿರು ಮಾಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಅಳತೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಕ್ಷೆ ಕೆಡುವುದು ಇಲ್ಲೇ. ಸಂಚಿಕೆಯ ಪುಟ ಎ4. ಅದರಲ್ಲಿ ಒಂದು ಲೋಗೊಗೆ 5 ಮಿಲಿಮೀಟರಿಗಿಂತ ಜಾಸ್ತಿ ಜಾಗ ಕೊಡಲು ಆಗುವುದಿಲ್ಲ. ಪ್ರಿಂಟ್ ಲೇಔಟಿನಲ್ಲಿ (ಪ್ರಿಂಟಿಗೆ ಪುಟ ಹೊಂದಿಸುವ ಕಿಟಕಿಯಲ್ಲಿ) ಸುಮ್ನೆ ಬಿಟ್ಟರೆ ಇರುವುದು 300 ಡಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್. 5 ಮಿಲಿಮೀಟರ್ ಅಂದರೆ ಸುಮಾರು 59 ಪಿಕ್ಸೆಲ್. ಈ 59 ಪಿಕ್ಸೆಲ್ ಚೌಕದಲ್ಲಿ ಎಸ್‌ಬಿಐ ಲೋಗೊ ಇಡಿ: ನೀಲಿ ವೃತ್ತ, ನಡುವೆ ಬಿಳಿ ಚುಕ್ಕೆ, ಅಲ್ಲಿಂದ ಕೆಳಗಿಳಿಯುವ ಬಿಳಿ ಗೀಟು. ಅಚ್ಚುಕಟ್ಟು, 3 ಮಿಲಿಮೀಟರಿಗೆ ಇಳಿಸಿದರೂ ಗುರುತು ಸಿಗುತ್ತದೆ. ಕೆನರಾ ಬ್ಯಾಂಕಿನ ಹೆಣೆದುಕೊಂಡ ನೀಲಿ, ಹಳದಿ ತ್ರಿಕೋನಗಳೂ ಪರವಾಗಿಲ್ಲ. ಅದೇ ಕೆನರಾ ಬ್ಯಾಂಕಿನ ಹೆಸರೂ ಸೇರಿದ ಉದ್ದನೆಯ ಲೋಗೊ ಹಾಕಿ ನೋಡಿ, 5 ಮಿಲಿಮೀಟರ್ ಅಗಲದಲ್ಲಿ ತ್ರಿಕೋನ ಸಾಸಿವೆಯಷ್ಟಾಗುತ್ತದೆ, ಅಕ್ಷರಗಳು ಒಂದು ಗೀಟಿನ ಹಾಗೆ ಕಾಣುತ್ತವೆ. ಅದಕ್ಕೇ ನನ್ನ ಲೆಕ್ಕ ಇಷ್ಟೇ: ಲೋಗೊದಿಂದ ಹೆಸರು ಕತ್ತರಿಸಿ ಬರೀ ಚಿಹ್ನೆ ಇಟ್ಟುಕೊಳ್ಳಿ, ಹೆಸರನ್ನು ಲೇಬಲ್ಲಿಗೆ ಬಿಡಿ. ಬಾಟಾ ಥರ ಬರೀ ಅಕ್ಷರದ ಲೋಗೊ ಇರುವ ಅಂಗಡಿಗಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆದರೆ ಬಾಟಾದು ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಕೆಂಪು ಬಣ್ಣ ಬೇರೆ, ಹೇಗೋ ಬದುಕುತ್ತದೆ. ಉದ್ದ ಹೆಸರಿನ ಜವಳಿ ಅಂಗಡಿಗಳ ಲೋಗೊ ಹಾಕಲು ಹೋಗಲೇ ಬೇಡಿ.

ಇನ್ನೊಂದು ಚಿಕ್ಕ ಕೆಲಸ ಮಾಡಿದರೆ ನಕ್ಷೆಯ ಕಳೆಯೇ ಬೇರೆ. ಲೋಗೊದ ಕೆಳಗೆ ಇನ್ನೊಂದು ಸಿಂಬಲ್ ಲೇಯರ್ ಸೇರಿಸಿ, ಬಿಳಿ ವೃತ್ತ, ಲೋಗೊಗಿಂತ ಒಂದೂವರೆ ಮಿಲಿಮೀಟರ್ ದೊಡ್ಡದು, ಅಂಚಿಗೆ ತೆಳು ಬೂದು ಗೀಟು. ರಸ್ತೆ, ಕಟ್ಟಡಗಳ ಬಣ್ಣದ ಮೇಲೆ ಲೋಗೊ ಕರಗಿಹೋಗದೆ ಎದ್ದು ಕಾಣುತ್ತದೆ. ಎಲ್ಲಾ ಲೋಗೊಗಳೂ ಒಂದೇ ಅಳತೆಯ ತಟ್ಟೆಯಲ್ಲಿ ಕೂತ ಹಾಗಾಗುತ್ತದೆ, ಉದ್ದ ಅಗಲದ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ. ನೆರಳು ಹಾಕುವ ಡ್ರಾ ಎಫೆಕ್ಟ್ಸ್ ಕೂಡ ಇದೆ. ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಪಿಡಿಎಫ್ ಮಾಡುವಾಗ ಅಂಥ ಲೇಯರ್ ಚಿತ್ರವಾಗಿ ಬದಲಾಗುತ್ತದೆ, ಕಷ್ಟಪಟ್ಟು ಹೊಂದಿಸಿದ ಎಸ್‌ವಿಜಿಯ ಚೊಕ್ಕತನ ಎಲ್ಲಾ ಅಲ್ಲಿಗೆ ಮುಗಿಯಿತು. ನೆರಳು ಬಿಡಿ.

ಮಂಗಳೂರಿನ ಹಂಪನಕಟ್ಟೆಯಂಥ ಕಿಕ್ಕಿರಿದ ಜಾಗ ಬಂದಾಗ ನಿಜವಾದ ಪರೀಕ್ಷೆ. ಒಂದೇ ಕಟ್ಟಡದಲ್ಲಿ ಬ್ಯಾಂಕು, ಪಕ್ಕದಲ್ಲೇ ಇನ್ನೊಂದು, ಎದುರಿಗೆ ಮತ್ತೊಂದು. ಲೋಗೊಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಕ್ಯೂಜಿಐಎಸ್ ಲೇಬಲ್ಲುಗಳನ್ನು ತಾನಾಗಿಯೇ ಸರಿಸಿ ಜಾಗ ಮಾಡುತ್ತದೆ, ಆದರೆ ಗುರುತುಗಳನ್ನು ಸರಿಸುವುದಿಲ್ಲ, ಎಲ್ಲಿ ಇಟ್ಟರೋ ಅಲ್ಲೇ ಬರೆಯುತ್ತದೆ. ಪಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ ಅಂತ ಒಂದು ವಿಧಾನ ಇದೆ, ಹತ್ತಿರ ಇರುವವನ್ನು ಉಂಗುರದ ಆಕಾರದಲ್ಲೋ ಚೌಕುಳಿಯಲ್ಲೋ ಹರಡುತ್ತದೆ. ಪರದೆಯ ಮೇಲೆ ಸರಿ, ಪ್ರಿಂಟಿನಲ್ಲಿ ನನಗೆ ಹಿಡಿಸಲಿಲ್ಲ. ಬ್ಯಾಂಕುಗಳೆಲ್ಲಾ ರಸ್ತೆ ಮಧ್ಯೆ ಸುತ್ತು ಕೂತ ಹಾಗೆ ಕಂಡಿತು.

ಕೊನೆಗೆ ಕೈ ಹಿಡಿದದ್ದು ಬೇರೆ ದಾರಿ. ಚುಕ್ಕೆಯನ್ನು ಚುಕ್ಕೆಯಾಗಿಯೇ, ಚಿಕ್ಕದಾಗಿ ಬಿಡಿ. ಲೋಗೊವನ್ನು ಲೇಬಲ್ಲಿನ ಹಿನ್ನೆಲೆಯಾಗಿ ಹಾಕಿ. ಲೇಬಲ್ ಸೆಟ್ಟಿಂಗಿನಲ್ಲಿ ಬ್ಯಾಕ್‌ಗ್ರೌಂಡ್ ಅಂತ ಇದೆ, ಅಲ್ಲಿ ಆಕಾರದ ಜಾಗದಲ್ಲಿ ಎಸ್‌ವಿಜಿ ಆರಿಸಬಹುದು, ಅದರ ಫೈಲನ್ನೂ ಕಾಲಂನಿಂದಲೇ ತರಬಹುದು. ಆಗ ಲೋಗೊ ಕೂಡ ಲೇಬಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಜಾಗ ಇದ್ದ ಕಡೆ ಸರಿದು ಕೂರುತ್ತದೆ. ಸಾಲದಿದ್ದ ಕಡೆ ಮೂವ್ ಲೇಬಲ್ ಉಪಕರಣದಿಂದ ಕೈಯಾರೆ ಎಳೆದು ಇಡಬಹುದು, ಎಳೆದ ಜಾಗ ಪ್ರಾಜೆಕ್ಟ್ ಫೈಲಿನಲ್ಲೇ ಉಳಿಯುತ್ತದೆ, ಮೂಲ ಪಟ್ಟಿ ಕೆಡುವುದಿಲ್ಲ. 3.10ರಿಂದ ಕಾಲ್‌ಔಟ್ ಅನ್ನುವುದೂ ಬಂದಿದೆ, ದೂರ ಎಳೆದ ಲೋಗೊದಿಂದ ಅದರ ಚುಕ್ಕೆಗೆ ಒಂದು ಗೀಟು ತಾನಾಗಿಯೇ ಎಳೆದುಕೊಳ್ಳುತ್ತದೆ. ಹಂಪನಕಟ್ಟೆ ಬಚಾವಾಗಿದ್ದು ಈ ಗೀಟಿನಿಂದ. ಲೇಬಲ್ ಪಠ್ಯ ಖಾಲಿ ಬಿಡಬೇಡಿ, ಖಾಲಿ ಇದ್ದರೆ ಹಿನ್ನೆಲೆಯೂ ಬರುವುದಿಲ್ಲ.

ಕನ್ನಡದ ಕಥೆಗೆ ಬರೋಣ. ಒಳ್ಳೆ ಸುದ್ದಿ ಏನೆಂದರೆ ಒತ್ತಕ್ಷರಗಳು ಒಡೆಯುವುದಿಲ್ಲ, ನೋಟೊ ಸಾನ್ಸ್ ಕನ್ನಡ ಹಾಕಿದರೆ ಪಾಂಡೇಶ್ವರ, ಕಂಕನಾಡಿ, ಕೊಡಿಯಾಲ್‌ಬೈಲ್ ಎಲ್ಲವೂ ಸರಿಯಾಗಿ ಮೂಡುತ್ತವೆ. ತೊಂದರೆ ಬರುವುದು ಅದಕ್ಕೂ ಮೊದಲೇ, ಪಟ್ಟಿ ಒಳಗೆ ತರುವಾಗ. ಎಕ್ಸೆಲ್‌ನಿಂದ ಸಿಎಸ್‌ವಿ ಉಳಿಸುವಾಗ ಯುಟಿಎಫ್-8 (ಯೂನಿಕೋಡ್ ಅಕ್ಷರ ಉಳಿಸುವ ಬಗೆ) ಅಂತ ಇರುವುದನ್ನೇ ಆರಿಸಬೇಕು, ಇಲ್ಲದಿದ್ದರೆ ಕನ್ನಡ ಇದ್ದ ಕಡೆಯೆಲ್ಲಾ ಪ್ರಶ್ನೆ ಚಿಹ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಪಟ್ಟಿ ಯಾರಾದರೂ ಕೊಟ್ಟರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಇನ್ನು ಎರಡು ಸಾಲಿನ ಲೇಬಲ್ ಇದ್ದರೆ ಲೈನ್ ಹೈಟ್ ಸ್ವಲ್ಪ ಏರಿಸಿ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಅಂತರದಲ್ಲಿ ನಮ್ಮ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆ ಮೇಲೆ ಬಂದು ಕೂರುತ್ತದೆ.

ಈಗ ಆ ಚಿಕ್ಕ ಪಟ್ಟಿಯ ವಿಷಯ. ಕರಾವಳಿ ಅಂದರೆ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಈ ಐದರಲ್ಲಿ ಮೂರು ಈಗ ಇಲ್ಲ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಗೆ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಗೆ. ಸಂಚಿಕೆಯವರಿಗೆ ಎರಡು ನಕ್ಷೆ ಬೇಕಿತ್ತು, ವಿಲೀನಕ್ಕೆ ಮೊದಲಿನದು ಒಂದು, ಈಗಿನದು ಒಂದು. ಕೈಯಲ್ಲಿ ಲೋಗೊ ಅಂಟಿಸುವ ತಂತ್ರಾಂಶ ಆಗಿದ್ದರೆ ಎರಡನೇ ನಕ್ಷೆಯನ್ನು ಮೊದಲಿಂದ ಮಾಡಬೇಕಿತ್ತು. ಇಲ್ಲಿ ಚಿಕ್ಕ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದರೆ ಆಯಿತು, ಹಳೇ ಲೋಗೊ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ. ಪ್ರಾಜೆಕ್ಟಿಗೆ ವರ್ಷ ಅನ್ನುವ ಒಂದು ವೇರಿಯಬಲ್ (ಬೇಕಾದಾಗ ಬದಲಿಸಬಹುದಾದ ಬೆಲೆ) ಕೊಟ್ಟು, ಅದು 2019ಕ್ಕಿಂತ ಕಡಿಮೆ ಇದ್ದರೆ ಹಳೇ ಕಾಲಂ, ಇಲ್ಲದಿದ್ದರೆ ಹೊಸದು ಅಂತ ಬರೆದೆ. 2018 ಅಂತ ಕೊಟ್ಟರೆ ಸಿಂಡಿಕೇಟ್ ಬ್ಯಾಂಕಿನ ನಾಯಿ ಊರೆಲ್ಲಾ ಕಾಣಿಸುತ್ತದೆ. 2021 ಅಂತ ಬದಲಿಸಿದ ಕೂಡಲೇ ಅದು ಮಾಯ, ಆ ಜಾಗಗಳಲ್ಲೆಲ್ಲಾ ಕೆನರಾ ತ್ರಿಕೋನ. ನೋಡಿದವರೊಬ್ಬರಿಗೆ ಬೇಜಾರೇ ಆಯಿತು, ಅವರ ಮೊದಲ ಪಾಸ್‌ಬುಕ್ ಆ ಬ್ಯಾಂಕಿನದಂತೆ.

ಇಷ್ಟೆಲ್ಲಾ ಹೊಗಳಿದ ಮೇಲೆ ಲೆಜೆಂಡ್ ಬಗ್ಗೆ ಬೈಯಲೇಬೇಕು. ಲೋಗೊವನ್ನು ಕಾಲಂನಿಂದ ತಂದರೆ ಕ್ಯೂಜಿಐಎಸ್ ಲೆಕ್ಕದಲ್ಲಿ ಅದು ಒಂದೇ ಸಿಂಬಲ್. ಹಾಗಾಗಿ ಪ್ರಿಂಟ್ ಲೇಔಟಿನ ಲೆಜೆಂಡಿನಲ್ಲೂ ಒಂದೇ ಸಾಲು ಬರುತ್ತದೆ. ಯಾವ ಲೋಗೊ ಯಾವ ಬ್ಯಾಂಕು ಅಂತ ಬರೆದು ತೋರಿಸಲು ಅದಕ್ಕೆ ಬರುವುದಿಲ್ಲ. ಬೇಕೇ ಬೇಕು ಅಂದರೆ ಕ್ಯಾಟಗರೈಸ್ಡ್ ವಿಧಾನಕ್ಕೆ ಹೋಗಬೇಕು, ಪ್ರತಿ ಬ್ಯಾಂಕಿಗೂ ಒಂದೊಂದು ಸಿಂಬಲ್ ಕೈಯಾರೆ ಹೊಂದಿಸಬೇಕು. ಹತ್ತು ಬ್ಯಾಂಕಿಗೆ ಸರಿ, ಅಂಗಡಿಗಳ ನಕ್ಷೆ ಆದರೆ ಕ್ಲಿಕ್ ಮಾಡಿ ಮಾಡಿ ಬೆರಳು ಸೋಲುತ್ತದೆ. ಸ್ವಲ್ಪ ಸಮಾಧಾನ ಕೊಡುವ ದಾರಿ ಒಂದಿದೆ, ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಲೋಗೊ ಸಿಂಬಲ್ಲುಗಳನ್ನು ಬ್ಯಾಂಕಿನ ಹೆಸರಿನಲ್ಲೇ ಸ್ಟೈಲ್ ಮ್ಯಾನೇಜರಿನಲ್ಲಿ ಒಮ್ಮೆ ಉಳಿಸಿಟ್ಟರೆ, ಕ್ಯಾಟಗರೈಸ್ಡ್ ಪುಟದ ಅಡ್ವಾನ್ಸ್ಡ್ ಗುಂಡಿಯಲ್ಲಿ ಮ್ಯಾಚ್ ಟು ಸೇವ್ಡ್ ಸಿಂಬಲ್ಸ್ ಅಂತ ಇದೆ, ಅದನ್ನು ಒತ್ತಿದರೆ ಹೆಸರು ಹೊಂದುವ ಎಲ್ಲವಕ್ಕೂ ಲೋಗೊ ತಾನಾಗಿ ಹತ್ತುತ್ತದೆ. ಮುಂದಿನ ನಕ್ಷೆಗೂ ಅದೇ ಬರುತ್ತದೆ.

ಇಷ್ಟು ರಗಳೆ ಯಾಕೆ, ಗೂಗಲ್‌ನ ಮೈ ಮ್ಯಾಪ್ಸ್ ಸಾಲದೇ ಅಂತ ಕೇಳುವವರಿದ್ದಾರೆ. ಮದುವೆಗೆ ಬರುವವರಿಗೆ ಛತ್ರ, ಲಾಡ್ಜು, ಬಸ್‌ಸ್ಟ್ಯಾಂಡ್ ತೋರಿಸಲು, ಅಥವಾ ನಿಮ್ಮ ಅಂಗಡಿಯ ನಾಲ್ಕು ಶಾಖೆ ತೋರಿಸಲು ಧಾರಾಳ ಸಾಕು. ಕಸ್ಟಮ್ ಐಕಾನ್ ಅಂತ ಇದೆ, ನಿಮ್ಮ ಲೋಗೊ ಏರಿಸಬಹುದು, ಕೊಂಡಿ ಕಳಿಸಿದರೆ ಯಾರು ಬೇಕಾದರೂ ಫೋನಿನಲ್ಲಿ ನೋಡುತ್ತಾರೆ. ಒಂದು ನಕ್ಷೆಗೆ 10 ಲೇಯರ್, ಒಂದೊಂದಕ್ಕೆ 2000 ಜಾಗ ಅನ್ನುವ ಮಿತಿ ಇದೆ, ಅದು ಯಾರಿಗೂ ಅಡ್ಡ ಬರುವಂಥದ್ದಲ್ಲ. ಅಡ್ಡ ಬರುವುದು ಬೇರೆ: ಲೋಗೊದ ಅಳತೆ ಅವರು ಕೊಟ್ಟಷ್ಟೇ, ಹೆಸರಿನ ಅಕ್ಷರಶೈಲಿ ಅವರದೇ, ಪ್ರಿಂಟು ಅಂದರೆ ಕಾಟಾಚಾರ. ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಂತಿರುವ ಯುಮ್ಯಾಪ್ ಇನ್ನೊಂದು ಆಯ್ಕೆ, ಲೋಗೊ ಚಿತ್ರದ ವಿಳಾಸ ಕೊಟ್ಟರೆ ಅದನ್ನೇ ಗುರುತಾಗಿ ಹಾಕುತ್ತದೆ, ನನಗೆ ಮೈ ಮ್ಯಾಪ್ಸ್‌ಗಿಂತ ಇದೇ ಇಷ್ಟ. ಹಿಂದೆ ಮೈಕ್ರೋಸಾಫ್ಟ್‌ನ ಮ್ಯಾಪ್‌ಪಾಯಿಂಟ್ ಅಂತ ಒಂದಿತ್ತು, ಮಾರಾಟ ವಿಭಾಗದವರಿಗೆಂದೇ ಮಾಡಿದ್ದು. 2014ರ ಕೊನೆಗೆ ಅದನ್ನು ನಿಲ್ಲಿಸಿಬಿಟ್ಟರು. ಗೂಗಲ್ ಮ್ಯಾಪ್ಸ್‌ನಲ್ಲಿ ಕೆಲವು ಅಂಗಡಿಗಳ ಲೋಗೊ ತಾನಾಗಿ ಕಾಣುತ್ತದಲ್ಲ, ಅದರಲ್ಲಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತೂ ಇರುತ್ತದೆ, ಅದರ ಜತೆ ಇದನ್ನು ಹೋಲಿಸಬೇಡಿ.

ಬೇರೆಯವರ ಲೋಗೊ ಹಾಕಬಹುದಾ ಅಂತ ಸಂಚಿಕೆಯವರೇ ಕೇಳಿದ್ದರು. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಸೆಕ್ಷನ್‌ನಲ್ಲಿ ಪ್ರಾಮಾಣಿಕ ಬಳಕೆಗೆ ಜಾಗ ಇದೆ. ಶಾಖೆ ಇಲ್ಲಿದೆ ಅಂತ ತೋರಿಸುವುದು ಒಂದು, ಆ ಬ್ಯಾಂಕೇ ನಮ್ಮ ಸಂಚಿಕೆಯ ಪ್ರಾಯೋಜಕರು ಅನ್ನಿಸುವ ಹಾಗೆ ಲೋಗೊವನ್ನು ಪುಟದ ತಲೆಯ ಮೇಲೆ ಹಾಕುವುದು ಇನ್ನೊಂದು. ಎರಡನೆಯದು ಮಾಡಬೇಡಿ. ವ್ಯಾಪಾರಕ್ಕೆ ಮಾಡುವ ನಕ್ಷೆ ಆದರೆ ವಕೀಲರನ್ನು ಒಂದು ಮಾತು ಕೇಳಿ. ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸಿದ್ದರೆ ನಕ್ಷೆಯ ಮೂಲೆಯಲ್ಲಿ ಅವರ ಹೆಸರು ಹಾಕುವುದು ಕಡ್ಡಾಯ, ಅದನ್ನು ಮರೆಯುವವರೇ ಜಾಸ್ತಿ.

ಪ್ರಾಜೆಕ್ಟನ್ನು ಇನ್ನೊಬ್ಬರಿಗೆ ಕಳಿಸುವವರಿಗೆ ಒಂದು ಮಾತು. ಪ್ರಾಜೆಕ್ಟ್ ಫೈಲ್, ಪಟ್ಟಿ ಇವೆರಡನ್ನೇ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಕಾಣುತ್ತವೆ, ಲೋಗೊಗಳು ನಿಮ್ಮ ಹತ್ತಿರವೇ ಉಳಿದಿರುತ್ತವೆ. ಒಂದೊಂದಾಗಿ ಆರಿಸಿದ ಲೋಗೊಗಳಿಗೆ ಫೈಲ್ ಡಬ್ಬಿಯ ಪಕ್ಕದ ಬಾಣದಲ್ಲಿ ಎಂಬೆಡ್ ಫೈಲ್ ಅಂತ ಸಿಗುತ್ತದೆ, ಲೋಗೊ ಪ್ರಾಜೆಕ್ಟಿನ ಒಳಗೇ ಸೇರಿಕೊಳ್ಳುತ್ತದೆ. ಕಾಲಂನಿಂದ ತಂದವಕ್ಕೆ ಅದು ನಡೆಯದು. ಆಗ ಪಟ್ಟಿ, ಲೋಗೊ ಫೋಲ್ಡರ್, ಪ್ರಾಜೆಕ್ಟ್ ಮೂರನ್ನೂ ಒಂದೇ ಜಿಪ್ ಮಾಡಿ ಕಳಿಸಿ, ಬಿಚ್ಚಿದ ಮೇಲೆ ಫೋಲ್ಡರಿನ ಹೆಸರು ಬದಲಿಸಬೇಡಿ ಅಂತ ಅವರಿಗೆ ಫೋನ್ ಮಾಡಿ ಹೇಳಿ.